ಒಂದರ ಬಾಗಿಲು ಇನ್ನೊಂದಕ್ಕೆ ಕೂರದು

1951ರ ಅಕ್ಟೋಬರಿನಲ್ಲಿ ಪ್ಯಾರಿಸ್ ಮೋಟಾರು ಪ್ರದರ್ಶನಕ್ಕೆ ಹೋದವರು ಮರ್ಸಿಡಿಸ್ ಕಾರು ಮಾಡುವ ಡೈಮ್ಲರ್-ಬೆನ್ಜ್ ಕಂಪನಿಯ ಮಳಿಗೆಯ ಮುಂದೆ ನಿಂತು ಏನಂದುಕೊಂಡಿರಬಹುದು ಎಂದು ನಾನು ಆಗಾಗ ಯೋಚಿಸುತ್ತೇನೆ. ಯುದ್ಧ ಮುಗಿದು ಆರೇ ವರ್ಷ. ಜರ್ಮನ್ ಸೈನಿಕರು ತಮ್ಮ ಬೀದಿಗಳಲ್ಲಿ ಓಡಾಡಿದ್ದನ್ನು ಪ್ಯಾರಿಸ್ಸಿನವರು ಇನ್ನೂ ಮರೆತಿರಲಾರರು. ಅತ್ತ ಕಂಪನಿಯ ಊರಾದ ಸ್ಟುಟ್‌ಗಾರ್ಟಿನಲ್ಲಿ ಬಾಂಬಿಗೆ ಉರುಳಿದ ಮನೆಗಳ ಇಟ್ಟಿಗೆ ಕಲ್ಲು ಇನ್ನೂ ಪೂರ್ತಿ ತೆರವಾಗಿರಲಿಲ್ಲ. 1953ರ ನಂತರ ಆ ಅವಶೇಷಗಳನ್ನು ಬಿರ್ಕನ್‌ಕೋಫ್ ಎಂಬ ಗುಡ್ಡದ ನೆತ್ತಿಗೆ ಸಾಗಿಸಿ ಸುರಿದರು. ಗುಡ್ಡ ಸುಮಾರು 40 ಮೀಟರ್ ಎತ್ತರವಾಯಿತು. ಅಂಥ ಊರಿನಿಂದ ಬಂದು ನಿಂತಿತ್ತು ಮರ್ಸಿಡಿಸ್-ಬೆನ್ಜ್ 300 ಎಸ್. ಉದ್ದ ಬಾನೆಟ್, ನೆಟ್ಟಗೆ ನಿಂತ ರೇಡಿಯೇಟರ್, ಇಳಿಜಾರಾಗಿ ಹಿಂದಕ್ಕೆ ಹರಿಯುವ ಮಡ್‌ಗಾರ್ಡು, ಒಳಗೆ ತೊಗಲು ಮತ್ತು ಅಕ್ರೋಟು ಮರ. ಬೆಲೆ 34,500 ಮಾರ್ಕ್. ಆ ದುಡ್ಡಿಗೆ ಆರೇಳು ಬೀಟಲ್ ಕಾರು ಬರುತ್ತಿದ್ದವು.

ಹೊಟ್ಟೆಗೇ ಪರದಾಡಿ ಆಗಷ್ಟೇ ಚೇತರಿಸಿಕೊಳ್ಳುತ್ತಿದ್ದ ದೇಶಕ್ಕೆ ಇಂಥ ಕಾರು ಮಾಡಲು ಹೇಗೆ ಸಾಧ್ಯವಾಯಿತು? ಇದಕ್ಕೆ ಉತ್ತರವಾಗಿ ಎಲ್ಲರೂ ಹೇಳುವುದು 1948ರ ಹೊಸ ಕರೆನ್ಸಿ, ಆರ್ಥಿಕ ಪವಾಡ ಇತ್ಯಾದಿ. ಅದು ಕೊಳ್ಳುವವರು ಎಲ್ಲಿಂದ ಬಂದರು ಅನ್ನುವುದಕ್ಕೆ ಉತ್ತರವಾದೀತು. ಮಾಡುವವರು ಎಲ್ಲಿಂದ ಬಂದರು ಅನ್ನುವುದಕ್ಕೆ ಅಲ್ಲ. ಅದು ನನಗೆ ಸ್ವಲ್ಪ ಮಟ್ಟಿಗಾದರೂ ತಿಳಿದದ್ದು ಆ ಜಾತಿಯ ಒಂದು ಕಾರನ್ನು ಬಿಡಿಬಿಡಿಯಾಗಿ ನೋಡಿದ ಮೇಲೆ.

ನಾನಿರುವುದು ಸ್ಟುಟ್‌ಗಾರ್ಟ್ ಬಳಿಯ ಬೋಬ್ಲಿಂಗೆನ್‌ನಲ್ಲಿ. ಪಕ್ಕದೂರೇ ಜಿಂಡಲ್‌ಫಿಂಗೆನ್, ಮರ್ಸಿಡಿಸ್ ಬಾಡಿ ಕಟ್ಟುವ ಕಾರ್ಖಾನೆಯ ಊರು. ಕಾರ್ಖಾನೆಯ ತೆರಿಗೆ ಹಣ ಹೇಗೆ ಹರಿದು ಬಂದಿತ್ತೆಂದರೆ ಊರ ನಡುವಿನ ಜೀಬ್ರಾ ಕ್ರಾಸಿಂಗಿಗೆ ಬಿಳಿ ಬಣ್ಣದ ಬದಲು ಕರಾರಾ ಅಮೃತಶಿಲೆ ಹಾಕಿಸಿದ್ದಾರೆ. ಇಲ್ಲಿ ಹಳೇ ಕಾರು ರಿಪೇರಿ ಮಾಡುವವರಿಗೆ ಬರವಿಲ್ಲ. ಸಹೋದ್ಯೋಗಿಯೊಬ್ಬರ ಮೂಲಕ ಊರಾಚೆಯ ಒಂದು ಪುಟ್ಟ ವರ್ಕ್‌ಶಾಪಿನ ಪರಿಚಯವಾಯಿತು. ಅದನ್ನು ನಡೆಸುವ ಮೇಸ್ತ್ರಿ ಎಪ್ಪತ್ತರ ಹತ್ತಿರದವರು. ಹದಿಹರೆಯದಲ್ಲಿ ಟಿಂಕರಿಂಗ್ ಕೆಲಸಕ್ಕೆ ಸೇರಿ, ಪರೀಕ್ಷೆ ಕಟ್ಟಿ ಮೇಸ್ತ್ರಿಯಾದವರು. ಮಾತು ಕಮ್ಮಿ, ಕಾಫಿ ಜಾಸ್ತಿ. ಅವರಲ್ಲಿ 300 ಎಸ್‌ಸಿ ಕೂಪೆ, ಅಂದರೆ ಎರಡೇ ಬಾಗಿಲಿನ ಗಟ್ಟಿ ಛಾವಣಿಯ ಕಾರು, ಒಂದು ರಿಪೇರಿಗೆ ಬಂದಿತ್ತು. ಬಿಚ್ಚಿ ಹರವಿದ್ದಾಗಿನಿಂದ ಮತ್ತೆ ರಸ್ತೆಗಿಳಿಯುವವರೆಗೆ ಶನಿವಾರ ಬಿಡುವಾದಾಗಲೆಲ್ಲ ಹೋಗಿ ನೋಡುತ್ತಿದ್ದೆ.

ಎಸ್‌ಸಿ ಎಂದರೆ 300 ಎಸ್‌ನ ಎರಡನೇ ರೂಪ, 1955ರ ಕೊನೆಯಲ್ಲಿ ಬಂದದ್ದು. ಎಸ್‌ನಲ್ಲಿ ಮೂರು ಕಾರ್ಬ್ಯುರೇಟರ್ ಹೊತ್ತ ಆರು ಸಿಲಿಂಡರಿನ ಮೂರು ಲೀಟರ್ ಎಂಜಿನ್ನು, 150 ಅಶ್ವಶಕ್ತಿ. ಎಸ್‌ಸಿಯಲ್ಲಿ ಪೆಟ್ರೋಲು ನೇರ ಸಿಲಿಂಡರಿನೊಳಕ್ಕೇ ಇಂಜೆಕ್ಟ್ ಆಗುತ್ತದೆ, ಶಕ್ತಿ 175. ಎರಡೂ ಸೇರಿ, ಕೂಪೆ, ಛಾವಣಿ ಮಡಚುವ ಕ್ಯಾಬ್ರಿಯೋಲೆ ಮತ್ತು ರೋಡ್‌ಸ್ಟರ್ ಎಲ್ಲ ಲೆಕ್ಕ ಹಾಕಿದರೂ 1958ರವರೆಗೆ ತಯಾರಾದದ್ದು 760 ಮಾತ್ರ. ವಾರಕ್ಕೆ ಎರಡೋ ಮೂರೋ. ಅದರಲ್ಲಿ ಎಸ್‌ಸಿ ಕೂಪೆ 98. ಈಗ ಒಂದೊಂದರ ಬೆಲೆ ನಮ್ಮ ರೂಪಾಯಿಯಲ್ಲಿ ಕೋಟಿಗಳ ಮಾತು. ಆ ವಿಷಯ ಅಲ್ಲಿಗೆ ಬಿಡುತ್ತೇನೆ, ಹಳೇ ಕಾರಿನ ಬಗ್ಗೆ ಬರೆಯುವವರೆಲ್ಲ ಅದನ್ನೇ ಬರೆಯುತ್ತಾರೆ.

ಈ ಕಾರು ಹುಟ್ಟುವಾಗಲೇ ಹಳೇ ಕಾಲದ್ದು. ಪ್ರತ್ಯೇಕ ಚಾಸಿ, ಅಂದರೆ ಅಡಿಯ ಚೌಕಟ್ಟು, ಅದರ ಮೇಲೆ ಬೇರೆಯಾಗಿ ಕಟ್ಟಿ ಕೂರಿಸಿದ ಬಾಡಿ. ಮರ್ಸಿಡಿಸ್‌ನವರೇ 1953ರಲ್ಲಿ ಚಾಸಿಯೇ ಇಲ್ಲದ, ಬಾಡಿಯೇ ಎಲ್ಲ ಭಾರ ಹೊರುವ 180 ಕಾರನ್ನು ತಂದರು. ದೊಡ್ಡ ಪ್ರೆಸ್ಸಿನಲ್ಲಿ ಒತ್ತಿ ಸಾವಿರಗಟ್ಟಲೆ ಒಂದೇ ಥರ ತೆಗೆಯಬಹುದಾದ ಬಾಡಿ ಅದು. 300 ಎಸ್ ಆ ದಾರಿಗೆ ಬರಲಿಲ್ಲ. ಅದರ ಬೇರು ಇರುವುದು ಮೂವತ್ತರ ದಶಕದ 500 ಕೆ, 540 ಕೆ ಕಾರುಗಳಲ್ಲಿ. ಜಿಂಡಲ್‌ಫಿಂಗೆನ್‌ನಲ್ಲಿ ಆಗ ಶ್ರೀಮಂತ ಗಿರಾಕಿಗಳಿಗೆ ಕೈಯಿಂದಲೇ ಬಾಡಿ ಕಟ್ಟಿಕೊಡುವ ವಿಶೇಷ ವಿಭಾಗವಿತ್ತು. 1932ರಿಂದ ಅದನ್ನು ನೋಡಿಕೊಂಡವರು ಹರ್ಮನ್ ಆರೆನ್ಸ್. ಯುದ್ಧದಲ್ಲಿ ಕಾರ್ಖಾನೆಯ ಹೆಚ್ಚಿನ ಭಾಗ ಬಾಂಬಿಗೆ ಹೋಯಿತು. ಆದರೆ ಸುತ್ತಿಗೆ ಹಿಡಿದು ತಗಡಿಗೆ ಉಬ್ಬು ತಗ್ಗು ಕೊಡಬಲ್ಲ ಜನ, ಮರ ಬಾಗಿಸಬಲ್ಲ ಜನ, ತೊಗಲು ಹೊಲಿಯಬಲ್ಲ ಜನ ಒಬ್ಬೊಬ್ಬರಾಗಿ ವಾಪಸಾದರು. ಅವರ ಕಸುಬಿಗೆ ಹೊಸ ಪ್ರೆಸ್ಸೂ ಬೇಕಿರಲಿಲ್ಲ, ಹೊಸ ಅಚ್ಚೂ ಬೇಕಿರಲಿಲ್ಲ. ಆರು ವರ್ಷದಲ್ಲಿ ಇಂಥ ಕಾರು ಹೇಗೆ ಸಾಧ್ಯವಾಯಿತು ಅನ್ನುವುದಕ್ಕೆ ನನಗೆ ಸಿಕ್ಕ ಉತ್ತರ ಇದು.

ಇಲ್ಲೊಂದು ಮಾತು ಹೇಳದೆ ಮುಂದೆ ಹೋಗಲಾರೆ. 1944ರಲ್ಲಿ ಇದೇ ಕಂಪನಿಯ ಕೆಲಸಗಾರರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನ ಬಲವಂತವಾಗಿ ಹಿಡಿದು ತಂದವರು: ಪರದೇಶದ ನಾಗರಿಕರು, ಯುದ್ಧಕೈದಿಗಳು, ಕಾನ್ಸಂಟ್ರೇಷನ್ ಕ್ಯಾಂಪಿನ ಕೈದಿಗಳು. ಇದನ್ನು ಈಗ ಕಂಪನಿಯೇ ಹೇಳಿಕೊಳ್ಳುತ್ತದೆ. ಅಂಥವರಿಗೆ ಪರಿಹಾರ ಕೊಡಲು 2000ನೇ ಇಸವಿಯಲ್ಲಿ ಸ್ಥಾಪನೆಯಾದ ನಿಧಿಗೆ ಹಣವನ್ನೂ ಹಾಕಿದೆ. ಕುಶಲ ಕೈಗಳ ಬಗ್ಗೆ ಹೊಗಳಿ ಬರೆಯುವಾಗ, ಅವೇ ಛಾವಣಿಗಳ ಕೆಳಗೆ ಆರೇಳು ವರ್ಷ ಮೊದಲು ಇಷ್ಟವಿಲ್ಲದೆ ದುಡಿದು ಸವೆದ ಕೈಗಳೂ ಇದ್ದವು ಅನ್ನುವುದು ಲೆಕ್ಕಕ್ಕೆ ಬರಬೇಕು. ಈ ಕಾರಿನ ಸೊಬಗಿಗೆ ಮರುಳಾಗುವ ನನ್ನಂಥವರು ಈ ಭಾಗವನ್ನು ಹಾರಿಸಿಬಿಡುತ್ತೇವೆ. ಹಾರಿಸಬಾರದು.

ವರ್ಕ್‌ಶಾಪಿಗೆ ಬರುತ್ತೇನೆ. ಮೊದಲ ಸಲ ಹೋದಾಗ ಮೇಜಿನ ಮೇಲೆ ಬಾಗಿಲಿನ ಮರದ ಪಟ್ಟಿಗಳನ್ನು ಕವುಚಿ ಹಾಕಿದ್ದರು. ಗಾಜಿನ ಕೆಳಗೆ ಕೂರುವ ಪಟ್ಟಿಗಳು. ಮುಂಬದಿಯ ವೆನೀರ್, ಅಂದರೆ ಮೇಲೆ ಅಂಟಿಸಿದ ತೆಳ್ಳನೆ ಮರದ ಹಾಳೆ, ಬಿಸಿಲಿಗೆ ಬಣ್ಣಗೆಟ್ಟು, ವಾರ್ನಿಷ್ ಹಪ್ಪಳ ಎದ್ದಿತ್ತು. ಬೆನ್ನಿನ ಬದಿಯಲ್ಲಿ ಬರೀ ಮರ, ಮಸಿ ಹಿಡಿದ ಮರ. ಅದರ ಮೇಲೆ ಪೆನ್ಸಿಲಿನಲ್ಲಿ ಮೂರು ಅಂಕಿ, ಪಕ್ಕದಲ್ಲಿ ಎಡ ಎನ್ನುವುದಕ್ಕೆ ಒಂದಕ್ಷರ. ಬರೆದವನ ಕೈ ಅವಸರದ್ದು. ಕೊನೆಯ ಅಂಕಿಯ ಬಾಲ ಉದ್ದಕ್ಕೆ ಎಳೆದಿತ್ತು. ಮೇಸ್ತ್ರಿ ಕ್ರೋಮ್ ಬೀಡಿಂಗ್ ಒಂದನ್ನು ತಿರುಗಿಸಿ ತೋರಿಸಿದರು. ಅಲ್ಲೂ ಅದೇ ಅಂಕಿ, ಈ ಸಲ ಉಳಿಯಿಂದ ಬಡಿದದ್ದು. ಡ್ಯಾಶ್‌ಬೋರ್ಡಿನ ಹಿಂದೆ, ಸೀಟಿನ ಚೌಕಟ್ಟಿನ ಅಡಿಗೆ, ಡಿಕ್ಕಿಯ ಬಾಗಿಲ ಒಳಮೈಯಲ್ಲಿ, ಎಲ್ಲೆಲ್ಲೂ ಅದೇ ಮೂರು ಅಂಕಿ. ಅದು ಆ ಕಾರಿನ ಬಾಡಿ ನಂಬರಿನ ಕೊನೆಯ ಭಾಗ.

ಕೈಯಲ್ಲಿ ಕಟ್ಟಿದ ಬಾಡಿ ಒಂದರಂತೆ ಇನ್ನೊಂದಿರುವುದಿಲ್ಲ. ಬಾಗಿಲ ಚೌಕಟ್ಟು ಒಂದೆರಡು ಮಿಲಿಮೀಟರ್ ಆಚೀಚೆ. ಹಾಗಾಗಿ ಆ ಚೌಕಟ್ಟಿಗೆ ಒಪ್ಪುವಂತೆ ಬಾಗಿಲನ್ನು ತಿದ್ದಬೇಕು, ಬಾಗಿಲಿಗೆ ಒಪ್ಪುವಂತೆ ಪಟ್ಟಿಯನ್ನು ಉಜ್ಜಬೇಕು, ಪಟ್ಟಿಗೆ ಒಪ್ಪುವಂತೆ ಬೀಡಿಂಗ್ ಬಗ್ಗಿಸಬೇಕು. ಒಮ್ಮೆ ಎಲ್ಲವನ್ನೂ ಕೂರಿಸಿ ನೋಡಿ, ಸರಿಹೋದ ಮೇಲೆ ಬಿಚ್ಚಿ, ಬಣ್ಣಕ್ಕೊಂದು, ಕ್ರೋಮಿಗೊಂದು, ವಾರ್ನಿಷ್‌ಗೊಂದು ಎಂದು ಬೇರೆ ಬೇರೆ ಕಡೆ ಕಳಿಸಬೇಕು. ವಾಪಸು ಬಂದಾಗ ಯಾವುದು ಯಾವ ಕಾರಿನದು ಎಂದು ಗೊತ್ತಾಗಲು ಈ ಅಂಕಿ. ಗಿರಾಕಿ ನೋಡಲೆಂದು ಬರೆದದ್ದಲ್ಲ. ವಿನ್ಯಾಸ ಮಾಡಿದವರ ಹೆಸರು ಪುಸ್ತಕಗಳಲ್ಲಿ ಸಿಗುತ್ತದೆ, ಕೊಂಡವರ ಹೆಸರು ಕಂಪನಿಯ ದಾಖಲೆಯಲ್ಲಿ ಸಿಗುತ್ತದೆ. ಬಾಗಿಲು ಕೂರಿಸಿದವನದ್ದು ಉಳಿದಿರುವುದು ಈ ಪೆನ್ಸಿಲ್ ಗೀಟು ಮಾತ್ರ.

ಇದೇ ಕಾರಣಕ್ಕೆ ಅಲ್ಲೊಂದು ವಾದ ನಡೆಯಿತು. ಎಡಬಾಗಿಲಿನ ಕೆಳಭಾಗ ತುಕ್ಕು ತಿಂದು ಜಾಲರಿಯಾಗಿತ್ತು. ಕಾರಿನ ಮಾಲೀಕರು ಎಲ್ಲಿಂದಲೋ ಇನ್ನೊಂದು 300 ಎಸ್ ಕೂಪೆಯ ಬಾಗಿಲು ತರಿಸಿದರು. ತುಕ್ಕಿಲ್ಲದ, ಗಟ್ಟಿಮುಟ್ಟಾದ ಬಾಗಿಲು. ಹಾಕಿ ನೋಡಿದರೆ ಮೇಲಿನ ಮೂಲೆಯಲ್ಲಿ ತಾಗುತ್ತದೆ, ಕೆಳಗಿನ ಮೂಲೆಯಲ್ಲಿ ಕಿರುಬೆರಳು ತೂರುವಷ್ಟು ಸಂದು. ಕೀಲು ಸರಿಸಿದರೆ ಪಕ್ಕೆಯ ಗೆರೆ ತಪ್ಪುತ್ತದೆ. "ಇದನ್ನು ಕೂರಿಸಬಹುದು, ಆದರೆ ಕಾರನ್ನು ಕೊಯ್ಯಬೇಕಾಗುತ್ತದೆ" ಎಂದರು ಮೇಸ್ತ್ರಿ. ಮಾಲೀಕರಿಗೆ ಬೇಸರವಾಯಿತು. ಕೊನೆಗೆ ಹಳೇ ಬಾಗಿಲನ್ನೇ ಉಳಿಸಿಕೊಂಡು, ತುಕ್ಕು ತಿಂದ ಕೆಳಪಟ್ಟಿಯನ್ನಷ್ಟೇ ಕತ್ತರಿಸಿ, ಅದೇ ದಪ್ಪದ ಹೊಸ ತಗಡನ್ನು ಬಡಿದು ರೂಪ ಕೊಟ್ಟು ಬೆಸೆದರು. ತರಿಸಿದ್ದ ಬಾಗಿಲು ಗೋಡೆಗೆ ಒರಗಿಯೇ ಉಳಿಯಿತು. ಅದರ ಒಳಮೈ ಮೇಲೆ ಬೇರೆಯೇ ಮೂರು ಅಂಕಿ.

ಬೆಸುಗೆಯಾದ ಮೇಲಿನ ಕೆಲಸವನ್ನು ನಾನು ಕಣ್ಣು ಮಿಟುಕಿಸದೆ ನೋಡಿದೆ. ನಮ್ಮ ಗ್ಯಾರೇಜುಗಳಲ್ಲಿ ಬೆಸುಗೆಯ ಉಬ್ಬು ತಗ್ಗು ಮುಚ್ಚಲು ಪುಟ್ಟಿ ಮೆತ್ತುತ್ತಾರೆ. ಈಗ ಎಲ್ಲ ಕಡೆಯೂ ಅದೇ. ಈ ಕಾರು ಕಟ್ಟಿದ ಕಾಲದಲ್ಲಿ ಸೀಸ ಮೆತ್ತುತ್ತಿದ್ದರು, ಇವರೂ ಸೀಸವೇ ಬೇಕೆಂದರು. ಮೊದಲು ತಗಡನ್ನು ಬೆಳ್ಳಗೆ ಹೊಳೆಯುವಂತೆ ಉಜ್ಜಿ, ಅದಕ್ಕೆ ಕಲಾಯಿ ಹಾಕಿದರು. ನಮ್ಮೂರಿನಲ್ಲಿ ತಾಮ್ರದ ಹಂಡೆಗೆ ಹಾಕುತ್ತಿದ್ದ ಅದೇ ಕಲಾಯಿ: ಬಿಸಿ ಮಾಡುವುದು, ತವರ ಕರಗುತ್ತಲೇ ಬಟ್ಟೆಯಿಂದ ಒರೆಸುವುದು, ಒರೆಸಿದಲ್ಲೆಲ್ಲ ಕನ್ನಡಿ. ಆಮೇಲೆ ಸೀಸ ತವರ ಬೆರೆಸಿದ ಕಡ್ಡಿಯನ್ನು ಬೆಂಕಿಯ ನಾಲಗೆಗೆ ಹಿಡಿದರು. ಈ ಮಿಶ್ರಣಕ್ಕೊಂದು ಗುಣವಿದೆ. ಗಟ್ಟಿಯಿಂದ ಒಮ್ಮೆಗೇ ನೀರಾಗುವುದಿಲ್ಲ, ನಡುವೆ ಸ್ವಲ್ಪ ಹೊತ್ತು ಬೆಣ್ಣೆಯ ಹದದಲ್ಲಿರುತ್ತದೆ. ಜೇನುಮೇಣ ಸವರಿದ ಮರದ ಪಟ್ಟಿಯೊಂದನ್ನು ಹಿಡಿದು ಅವರು ಆ ಹದದಲ್ಲೇ ಅದನ್ನು ಒತ್ತಿ, ಹರಡಿ, ಅಂಚು ತೀಡಿದರು. ಬೆಂಕಿ ಒಂದಿಷ್ಟು ಹೆಚ್ಚಾದರೆ ಎಲ್ಲ ಜಾರಿ ನೆಲಕ್ಕೆ. ಬಲಗೈಯಲ್ಲಿ ಮರದ ಪಟ್ಟಿ, ಎಡಗೈಯಲ್ಲಿ ಬೆಂಕಿ. ಬೆಂಕಿ ಬರುತ್ತದೆ, ಹೋಗುತ್ತದೆ, ಬರುತ್ತದೆ. ಬಾಗಿಲು ನೆಟ್ಟಗೆ ನಿಂತಿದ್ದರೂ ಒಂದು ತೊಟ್ಟೂ ಕೆಳಗೆ ಬೀಳಲಿಲ್ಲ. ಆರಿದ ಮೇಲೆ ಬಾಗಿದ ಅರದಿಂದ ಉದ್ದುದ್ದಕ್ಕೆ ಅರೆದರು. ಮೆಷಿನ್ನು ಹಾಕುವ ಹಾಗಿಲ್ಲ, ಸೀಸದ ದೂಳು ವಿಷ. ಅರೆಯುತ್ತಾ ಎಡ ಅಂಗೈಯಿಂದ ಸವರಿ ನೋಡುತ್ತಿದ್ದರು, ಕಣ್ಣು ಬೇರೆಲ್ಲೋ ಇತ್ತು. ನಾನೂ ಮುಟ್ಟಿ ನೋಡಿದೆ, ನುಣ್ಣಗಿದೆ ಅಂದೆ. "ಇಲ್ಲ" ಎಂದು ಇನ್ನೊಂದು ಗಂಟೆ ಅರೆದರು.

ಬಣ್ಣ ಬಿದ್ದ ಮೇಲೆ ಸೀಸವೋ ಪುಟ್ಟಿಯೋ ಎಂದು ಯಾರಿಗೂ ಗೊತ್ತಾಗದು. ಸೀಸ ತಗಡಿನೊಂದಿಗೆ ಒಂದಾಗಿ ಕೂರುತ್ತದೆ, ಸರಿಯಾಗಿ ಹಾಕಿದ್ದು ದಶಕಗಳವರೆಗೆ ಬಿರುಕು ಬಿಡುವುದಿಲ್ಲ. ಅದಕ್ಕಾಗಿ ಅಷ್ಟು ಶ್ರಮ ಬೇಕೇ ಎಂದರೆ, ಈ ಕಾರಿಗೆ ಬೇಕು ಅನ್ನುವುದೇ ನನ್ನ ಅಭಿಪ್ರಾಯ.

ಮರದ ಕೆಲಸ ಅಲ್ಲಿ ನಡೆಯಲಿಲ್ಲ, ಬೇರೊಬ್ಬ ಬಡಗಿಗೆ ಹೋಯಿತು. ನಾನು ನೋಡಿದ್ದು ವಾಪಸು ಬಂದದ್ದನ್ನು ಮಾತ್ರ. ಅಕ್ರೋಟಿನ ಗಂಟು ಭಾಗದಿಂದ ಸೀಳಿದ ತೆಳ್ಳನೆ ಹಾಳೆಗಳನ್ನು ಪುಸ್ತಕ ಬಿಡಿಸಿದಂತೆ ಅಕ್ಕಪಕ್ಕ ಇಟ್ಟಾಗ ಎಡದ ಚಿತ್ತಾರ ಬಲದಲ್ಲಿ ಮಗುಚಿ ಬರುತ್ತದೆ. ಒಂದೇ ಗಂಟಿನ ಅನುಕ್ರಮ ಹಾಳೆಗಳು ಡ್ಯಾಶ್‌ಬೋರ್ಡಿಗೂ ಎರಡು ಬಾಗಿಲಿಗೂ ಹಂಚಿಕೆಯಾಗಿದ್ದವು. ಬಡಗಿ ಹಳೇ ವೆನೀರನ್ನು ಕಿತ್ತಿರಲಿಲ್ಲ. ಎದ್ದಲ್ಲಿ ಅಂಟು ಹಾಕಿ ಕೂರಿಸಿ, ಹೋದಲ್ಲಿ ಮಾತ್ರ ಹೊಸ ತುಂಡು ಸೇರಿಸಿದ್ದ. ಹಿಂದಿನ ಪೆನ್ಸಿಲ್ ಅಂಕಿಯನ್ನು ಮುಟ್ಟಿರಲಿಲ್ಲ.

ಸೀಟು ಬಿಚ್ಚಿದಾಗ ಒಂದು ಸಂತೋಷ ಕಾದಿತ್ತು. ಸ್ಪ್ರಿಂಗಿನ ಮೇಲೆ ಕುದುರೆ ಕೂದಲು, ಜೊತೆಗೆ ರಬ್ಬರು ಹಾಲು ಸಿಂಪಡಿಸಿ ಒತ್ತಿದ ತೆಂಗಿನ ನಾರು. ಆ ಕಾಲದ ಜರ್ಮನ್ ಕಾರುಗಳ ಕುಶನ್ ಕೆಲಸದಲ್ಲಿ ನಾರಿನ ಬಳಕೆ ಸಾಮಾನ್ಯ. ಜಗತ್ತಿಗೆಲ್ಲ ತೆಂಗಿನ ನಾರು ಹೋಗುತ್ತಿದ್ದದ್ದು ಹೆಚ್ಚಾಗಿ ಕೇರಳದ ಕರಾವಳಿ ಮತ್ತು ಸಿಲೋನಿನಿಂದ. ಒಣಗಿ ಪುಡಿಯಾಗುತ್ತಿದ್ದ ಅದರ ಒಂದು ಎಳೆ ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದೆ. ಸ್ಪಂಜು ಹಾಕುವುದು ಬೇಡ, ನಾರೇ ಹಾಕಿ ಎಂದು ಮಾಲೀಕರಿಗೆ ನಾನೂ ಒಂದು ಮಾತು ಸೇರಿಸಿದೆ. ನಾರಿನ ಸೀಟು ಬೆವರು ಹಿಡಿಯುವುದಿಲ್ಲ, ಗಾಳಿಯಾಡುತ್ತದೆ. ಊರಲ್ಲಿ ನಾರಿನ ಹಾಸಿಗೆಯಲ್ಲಿ ಮಲಗಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎಂಜಿನ್ನಿನ ವಿಷಯಕ್ಕೆ ಬಂದರೆ ಯುದ್ಧದ ನೆರಳು ಮತ್ತೆ ಬೀಳುತ್ತದೆ. ಪೆಟ್ರೋಲನ್ನು ಪಂಪಿನಿಂದ ಒತ್ತಿ ನೇರ ಸಿಲಿಂಡರಿಗೆ ಹಾಯಿಸುವ ವಿದ್ಯೆಯನ್ನು ಡೈಮ್ಲರ್-ಬೆನ್ಜ್ ಮತ್ತು ಬಾಷ್ ಪಳಗಿಸಿದ್ದು ಯುದ್ಧವಿಮಾನದ ಎಂಜಿನ್ನಿನಲ್ಲಿ, ಮೆಸರ್‌ಶ್ಮಿಟ್ 109ಕ್ಕೆ ಶಕ್ತಿ ಕೊಟ್ಟ ಡಿಬಿ 601ರಲ್ಲಿ. ಸೋತ ಮೇಲೆ ವಿಮಾನ ಮಾಡುವಂತಿರಲಿಲ್ಲ. ಗುಟ್‌ಬ್ರೋಡ್ ಎಂಬ ಸಣ್ಣ ಕಂಪನಿಯ ಪುಟಾಣಿ ಕಾರಿಗೆ ಆ ವಿದ್ಯೆ ಮೊದಲು ಇಳಿಯಿತು. ಅಲ್ಲಿ ಆ ಕೆಲಸ ಮಾಡಿದ ಹನ್ಸ್ ಶೆರೆನ್‌ಬೆರ್ಗ್ 1952ರಲ್ಲಿ ಡೈಮ್ಲರ್-ಬೆನ್ಜ್‌ಗೆ ಮರಳಿದರು. 1954ರಲ್ಲಿ ರೆಕ್ಕೆಬಾಗಿಲಿನ 300 ಎಸ್‌ಎಲ್ ಅದೇ ವಿದ್ಯೆಯೊಂದಿಗೆ ಬಂತು, ಮರುವರ್ಷ ನಮ್ಮ ಎಸ್‌ಸಿ. ಈ ಎಂಜಿನ್ನಿನಲ್ಲಿ ಹೆಡ್ಡು ಬ್ಲಾಕಿನ ಮೇಲೆ ಓರೆಯಾಗಿ ಕೂರುತ್ತದೆ. ಬಿಚ್ಚಿಟ್ಟಾಗ ನೋಡಲು ವಿಚಿತ್ರ, ಯಾರೋ ಓರೆಯಾಗಿ ಕೊಯ್ದಂತೆ. ಇದಕ್ಕೊಂದು ಜಗಳಗಂಟ ಸ್ವಭಾವವೂ ಇದೆ. ಕೀಲಿ ತಿರುಗಿಸಿ ನಿಲ್ಲಿಸಿದ ಮೇಲೂ ಎಂಜಿನ್ ಪೂರ್ತಿ ನಿಲ್ಲುವವರೆಗೆ ಪಂಪು ಪೆಟ್ರೋಲು ಕಳಿಸುತ್ತಲೇ ಇರುತ್ತದೆ. ಉರಿಯದ ಪೆಟ್ರೋಲು ಸಿಲಿಂಡರಿನ ಗೋಡೆಯ ಎಣ್ಣೆ ತೊಳೆದು ಕೆಳಗಿಳಿದು ಆಯಿಲ್ ಕೆಡಿಸುತ್ತದೆ. ಅದಕ್ಕೇ ಸಣ್ಣಪುಟ್ಟ ದೂರಕ್ಕೆ ಇದನ್ನು ತೆಗೆಯಬೇಡಿ, ಆಯಿಲ್ ಬೇಗ ಬೇಗ ಬದಲಿಸಿ ಎಂದು ಮೇಸ್ತ್ರಿ ಮಾಲೀಕರಿಗೆ ಪದೇ ಪದೇ ಹೇಳುತ್ತಿದ್ದರು.

ಆ ಪಂಪು ಮೇಜಿನ ಮೇಲೆ ಬಂದ ದಿನ ನನಗೆ ಬೆಂಗಳೂರಿನ ಆಡುಗೋಡಿ ನೆನಪಾಯಿತು. ನನ್ನ ಚಿಕ್ಕಪ್ಪ ಮೈಕೋದಲ್ಲಿದ್ದರು. 1951ರಲ್ಲಿ, ಅಂದರೆ ಪ್ಯಾರಿಸ್ಸಿನಲ್ಲಿ ಈ ಕಾರು ಕಾಣಿಸಿಕೊಂಡ ವರ್ಷವೇ, ಬಾಷ್ ಸಹಯೋಗದಲ್ಲಿ ಹುಟ್ಟಿದ ಕಂಪನಿ ಅದು. ಆ ದಶಕದಲ್ಲೇ ಆಡುಗೋಡಿಯ ಕಾರ್ಖಾನೆ ಶುರುವಾಗಿ ನಮ್ಮ ಲಾರಿ ಟ್ರಾಕ್ಟರುಗಳಿಗೆ ಡೀಸೆಲ್ ಪಂಪು ಮಾಡತೊಡಗಿತು. ಈಗ ಉತ್ಪಾದನೆ ಬಿಡದಿಗೆ ಹೋಗಿದೆ. ಎಸ್‌ಸಿಯದು ಪೆಟ್ರೋಲ್ ಪಂಪಾದರೂ ಮೈಕೋ ಡೀಸೆಲ್ ಪಂಪಿನ ದಾಯಾದಿಯೇ: ಸಾಲಾಗಿ ಆರು ಪ್ಲಂಜರು, ಅಂದರೆ ಇಂಧನ ಒತ್ತುವ ಸಣ್ಣ ಸಲಾಕೆಗಳು, ಒಂದೊಂದು ಅದರದರ ಬ್ಯಾರೆಲ್‌ ಎಂಬ ಕೊಳವೆಯೊಳಗೆ. ಪ್ಲಂಜರಿಗೂ ಬ್ಯಾರೆಲ್‌ಗೂ ನಡುವಿನ ಸಂದು ಕೆಲವೇ ಮೈಕ್ರಾನ್. ಒಂದಕ್ಕೊಂದನ್ನು ಉಜ್ಜಿಯೇ ಹೊಂದಿಸಿರುತ್ತಾರೆ. ರಜೆಯಲ್ಲಿ ಮನೆಗೆ ತಂದಿದ್ದ ಒಂದು ತಿರಸ್ಕೃತ ಪ್ಲಂಜರು-ಬ್ಯಾರೆಲ್ ಜೋಡಿಯನ್ನು ಚಿಕ್ಕಪ್ಪ ನಮಗೆ ಆಡಲು ಕೊಟ್ಟಿದ್ದರು. "ಇದರ ಜೋಡಿ ಇದೇ ಕಣೋ, ಇನ್ನೊಂದರದ್ದು ಹಾಕಿದ್ರೆ ಕೂರಲ್ಲ" ಅನ್ನುತ್ತಿದ್ದರು. ಮೇಸ್ತ್ರಿಯೂ ಆರು ಜೋಡಿಗಳನ್ನು ಆರು ಬೇರೆ ಬೇರೆ ಡಬ್ಬಿಯಲ್ಲಿಟ್ಟು, ಮೇಲೆ ಒಂದರಿಂದ ಆರರವರೆಗೆ ಬರೆದಿದ್ದರು.

ಕಾರು ಮುಗಿದು ಬಿಸಿಲಿಗೆ ಬಂದದ್ದು ಬೂದಿಬೆಳ್ಳಿ ಬಣ್ಣದಲ್ಲಿ, ಒಳಗೆ ಕೆಂಪು ತೊಗಲು. ಕಂಪನಿಯ ದಾಖಲೆಯ ಕಾರ್ಡಿನಲ್ಲಿ ಹುಟ್ಟಿನ ಬಣ್ಣ ಅದೇ ಎಂದಿತ್ತು, ನಡುವೆ ಯಾರೋ ಬಿಳಿ ಬಳಿಸಿದ್ದರು. ದೊಡ್ಡ ಪ್ರದರ್ಶನಗಳಲ್ಲಿ ಬಹುಮಾನ ಗೆಲ್ಲುವ ಕೆಲವು ಕಾರುಗಳನ್ನು ನೋಡಿದ್ದೇನೆ. ಎಲ್ಲ ಸಂದುಗಳೂ ಅಳತೆಪಟ್ಟಿ ಇಟ್ಟು ಎಳೆದ ಗೆರೆಗಳಂತೆ, ಬಣ್ಣ ಗಾಜಿನಂತೆ. ಕಾರ್ಖಾನೆಯಿಂದ ಹೊರಬಂದಾಗ ಅವು ಹಾಗಿರಲಿಲ್ಲ. ಹಾಗೆ ಮಾಡಲು ಮೂಲ ಕೆಲಸವನ್ನು ಅರೆದು ಹಾಕಬೇಕು, ಅಂದರೆ 1950ರ ದಶಕದ ಒಬ್ಬನ ಕೈಕೆಲಸವನ್ನು ಅಳಿಸಿ ಈಗಿನವನ ಕೈಕೆಲಸ ಹಾಕಬೇಕು. ನನಗದು ಸರಿಕಾಣುವುದಿಲ್ಲ. ಈ ಕೂಪೆಯ ಬಲಬಾಗಿಲ ಸಂದು ಮೇಲಿಂದ ಕೆಳಕ್ಕೆ ಒಂದಿಷ್ಟೇ ಅಗಲವಾಗುತ್ತದೆ. ಆ ಬಾಗಿಲಿಗೆ ತುಕ್ಕಿರಲಿಲ್ಲ, ಮೇಸ್ತ್ರಿ ಅದನ್ನು ಬಿಚ್ಚುವ ಮೊದಲು ಅಳೆದು ಬರೆದಿಟ್ಟು, ಹಾಗೆಯೇ ವಾಪಸು ಕೂರಿಸಿದರು. ಎಡಬಾಗಿಲ ಒಳಮೈಯಲ್ಲಿ, ಹಳೇ ಅಂಕಿಯ ಪಕ್ಕ, ತಾವು ಹೊಸ ತಗಡು ಸೇರಿಸಿದ ತಿಂಗಳು ವರ್ಷವನ್ನು ಉಳಿಯಿಂದ ಬಡಿದಿದ್ದಾರೆ. ಮುಂದೆ ಬಿಚ್ಚುವವರಿಗೆ ಯಾವುದು ಹಳೆಯದು, ಯಾವುದು ಹೊಸದು ಎಂದು ತಿಳಿಯಲಿ ಎಂದು.

ಈ ಕಡೆ ಬರುವವರಿಗೆ ಒಂದು ಮಾತು. ಸ್ಟುಟ್‌ಗಾರ್ಟಿಗೆ ಬಂದವರೆಲ್ಲ ಮರ್ಸಿಡಿಸ್ ಮ್ಯೂಸಿಯಂ ನೋಡಿ ಹೋಗುತ್ತಾರೆ. ಅದು ನೋಡಲೇಬೇಕಾದದ್ದು, ಅನುಮಾನವಿಲ್ಲ. ಆದರೆ ಎಸ್1 ರೈಲು ಹಿಡಿದು ಬೋಬ್ಲಿಂಗೆನ್‌ಗೂ ಬನ್ನಿ. ಹಳೇ ವಿಮಾನ ನಿಲ್ದಾಣದ ಜಾಗದಲ್ಲಿ ಮೋಟರ್‌ವರ್ಲ್ಡ್ ಇದೆ, ಒಳಗೆ ಹೋಗಲು ಟಿಕೆಟ್ಟಿಲ್ಲ. ಜನ ತಮ್ಮ ಹಳೇ ಕಾರುಗಳನ್ನು ಗಾಜಿನ ಗೂಡುಗಳಲ್ಲಿ ನಿಲ್ಲಿಸಿರುತ್ತಾರೆ, ರಿಪೇರಿ ಅಂಗಡಿಗಳೂ ಅಲ್ಲೇ ಇವೆ, ಕೆಲಸ ನಡೆಯುವುದನ್ನು ಹೊರಗೆ ನಿಂತು ನೋಡಬಹುದು. ಐವತ್ತರ ದಶಕದ ಮರ್ಸಿಡಿಸ್ ಒಂದು ಕಂಡರೆ ಎದುರಿನ ನಕ್ಷತ್ರದ ಫೋಟೋ ತೆಗೆದಾದ ಮೇಲೆ ಪಕ್ಕಕ್ಕೆ ಹೋಗಿ, ಬಾಗಿಲ ಸಂದನ್ನು ಮೇಲಿಂದ ಕೆಳಗಿನವರೆಗೆ ಒಮ್ಮೆ ನೋಡಿ. ಎರಡೂ ಬದಿ ನೋಡಿ.